ಔಟ್‌ಬೋರ್ಡ್ ಎಂಜಿನ್ ಮತ್ತು ಸ್ಪಾರ್ಕ್ ಪ್ಲಗ್‌ನ ಸ್ಥಿತಿ: ಪದೇ ಪದೇ ಕೇಳುವ ಪ್ರಶ್ನೆಗಳು

ದೋಣಿಯ ಹಿಂಬದಿಗೆ ಹೊರಗಿನಿಂದ ತಗುಲಿಸುವ ಔಟ್‌ಬೋರ್ಡ್ ಎಂಜಿನ್ ಸರಿಯಾಗಿ ಎಳೆಯದಿದ್ದಾಗ ಹೆಚ್ಚಿನವರು ಮೊದಲು ಬಿಚ್ಚುವುದು ಸ್ಪಾರ್ಕ್ ಪ್ಲಗ್ಗನ್ನೇ. ಅದು ಒಳ್ಳೆಯ ಅಭ್ಯಾಸ. ಆದರೆ ಬಿಚ್ಚಿದ ಪ್ಲಗ್ಗನ್ನು ಸರಿಯಾಗಿ ನೋಡದೆ ಎಸೆದು ಹೊಸದನ್ನು ಹಾಕಿಬಿಡುವುದರಿಂದ ಎಷ್ಟೋ ಎಂಜಿನ್‌ಗಳು ಹಾಳಾಗಿವೆ. ಪ್ಲಗ್ ಕೆಟ್ಟರೆ ಎಂಜಿನ್ನಿನ ಓಟ ಕೆಡುತ್ತದೆ ಎಂಬುದು ನಿಜ. ಎಂಜಿನ್ನಿನೊಳಗೆ ಬೇರೇನೋ ಕೆಟ್ಟದ್ದರಿಂದಲೇ ಪ್ಲಗ್ ಆ ಸ್ಥಿತಿಗೆ ಬಂದಿರುತ್ತದೆ ಎಂಬುದೂ ಅನೇಕ ಸಲ ಅಷ್ಟೇ ನಿಜ. ಮುಂದಿನ ಉತ್ತರಗಳನ್ನು ಈ ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ. ಇಲ್ಲಿ ಹೇಳಿರುವುದು ಪೆಟ್ರೋಲ್ ಮತ್ತು ಸೀಮೆಎಣ್ಣೆ ಎಂಜಿನ್‌ಗಳ ವಿಷಯ. ಡೀಸೆಲ್ ಔಟ್‌ಬೋರ್ಡ್‌ಗಳಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ.

ಇಷ್ಟು ಚಿಕ್ಕ ಭಾಗದ ಸ್ಥಿತಿಗೆ ಅಷ್ಟೊಂದು ಮಹತ್ವವೇಕೆ?

ಸಿಲಿಂಡರಿನೊಳಗೆ ಒತ್ತಡಕ್ಕೆ ಸಿಲುಕಿದ ಗಾಳಿ ಮತ್ತು ಇಂಧನದ ಮಿಶ್ರಣಕ್ಕೆ ಸರಿಯಾದ ಕ್ಷಣದಲ್ಲಿ ಕಿಡಿ ಹಚ್ಚುವುದು ಪ್ಲಗ್ಗಿನ ಕೆಲಸ. ಇಗ್ನಿಷನ್ ಕಾಯಿಲ್‌ನಿಂದ ಬರುವ ಸಾವಿರಾರು ವೋಲ್ಟಿನ ವಿದ್ಯುತ್ತು ಪಿಂಗಾಣಿಯ ಒಳಗಿರುವ ನಡುವಿನ ಇಲೆಕ್ಟ್ರೋಡಿನ ಮೂಲಕ ಇಳಿದು, ಅದರ ಎದುರಿಗೆ ಬಾಗಿಕೊಂಡಿರುವ ಇನ್ನೊಂದು ಇಲೆಕ್ಟ್ರೋಡಿಗೆ ಜಿಗಿಯುತ್ತದೆ. ಸುತ್ತಿಗೊಮ್ಮೆ ದಹನ ನಡೆಯುವ, ನಿಮಿಷಕ್ಕೆ 5,500 ಸುತ್ತು ತಿರುಗುವ ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ರತಿಯೊಂದು ಪ್ಲಗ್ ಸೆಕೆಂಡಿಗೆ 90ಕ್ಕೂ ಹೆಚ್ಚು ಸಲ ಈ ಕೆಲಸವನ್ನು ತಪ್ಪದೆ ಮಾಡಬೇಕು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸುತ್ತಿಗೊಮ್ಮೆ ದಹನ ನಡೆಯುವುದರಿಂದ ಅದರ ಅರ್ಧದಷ್ಟು ಕಿಡಿ ಸಾಕು.

ವಿದ್ಯುತ್ತು ಯಾವಾಗಲೂ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಪಿಂಗಾಣಿಯ ಮೇಲೆ ಮಸಿ ಕಟ್ಟಿಕೊಂಡಿದ್ದರೆ ಇಲೆಕ್ಟ್ರೋಡುಗಳ ನಡುವಿನ ಗ್ಯಾಪ್ ದಾಟುವ ಬದಲು ಮಸಿಯ ಮೇಲಿಂದಲೇ ಹರಿದು ಎಂಜಿನ್ನಿನ ಲೋಹಕ್ಕೆ ಇಳಿದುಹೋಗುತ್ತದೆ. ಮೆಕ್ಯಾನಿಕ್‌ಗಳು ‘ಪ್ಲಗ್ ಶಾರ್ಟ್ ಆಗಿದೆ’ ಎನ್ನುವುದು ಇದನ್ನೇ. ಇನ್ನೊಂದೆಡೆ, ಇಲೆಕ್ಟ್ರೋಡುಗಳು ಸವೆದು ಗ್ಯಾಪ್ ದೊಡ್ಡದಾದರೆ ಅದನ್ನು ದಾಟಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ, ಮತ್ತು ಸಿಲಿಂಡರಿನ ಒತ್ತಡ ಏರಿದಷ್ಟೂ ಆ ಅಗತ್ಯ ಏರುತ್ತಾ ಹೋಗುತ್ತದೆ. ಆದ್ದರಿಂದಲೇ ಸವೆದ ಪ್ಲಗ್ ನಿಧಾನದ ಓಟದಲ್ಲಿ ಸರಿಯಾಗಿಯೇ ಕೆಲಸ ಮಾಡುತ್ತಾ, ಥ್ರಾಟಲ್ (ವೇಗ ಏರಿಳಿಸುವ ನಿಯಂತ್ರಣ) ಪೂರ್ತಿ ಕೊಟ್ಟು ಭಾರ ಬಿದ್ದೊಡನೆ ಕಿಡಿ ತಪ್ಪಿಸತೊಡಗುತ್ತದೆ.

ವಾಹನಗಳ ಪ್ಲಗ್‌ಗಿಂತ ಔಟ್‌ಬೋರ್ಡ್ ಪ್ಲಗ್ ಬೇಗ ಹಾಳಾಗುವುದೇಕೆ?

ರಸ್ತೆಯ ಮೇಲಿನ ವಾಹನಕ್ಕೆ ಇಳಿಜಾರು ಸಿಗುತ್ತದೆ, ವೇಗ ಹಿಡಿದ ಮೇಲೆ ಎಂಜಿನ್ನಿನ ಹೊರೆ ಹಗುರಾಗುತ್ತದೆ. ನೀರಿನ ಮೇಲೆ ಅಂಥ ಬಿಡುವಿಲ್ಲ: ಥ್ರಾಟಲ್ ಇಳಿಸಿದ ಕೂಡಲೇ ನೀರು ದೋಣಿಯನ್ನು ತಡೆಯುತ್ತದೆ, ಹಾಗಾಗಿ ಓಡುವಷ್ಟು ಹೊತ್ತೂ ಪ್ರೊಪೆಲರ್ ನೀರನ್ನು ನೂಕುತ್ತಲೇ ಇರಬೇಕು. ಗಂಟೆಗಟ್ಟಲೆ ಪೂರ್ತಿ ಥ್ರಾಟಲ್‌ನ ಹತ್ತಿರ ಓಡುವುದು ಔಟ್‌ಬೋರ್ಡ್‌ಗೆ ನಿತ್ಯದ ಕೆಲಸ. ಅದೇ ಎಂಜಿನ್ ಮೀನು ಹಿಡಿಯುವಾಗ ಗಂಟೆಗಟ್ಟಲೆ ಐಡ್ಲಿಂಗ್‌ನಲ್ಲಿಯೂ, ಅಂದರೆ ಥ್ರಾಟಲ್ ಕೊಡದೆ ಅತಿ ನಿಧಾನವಾಗಿಯೂ, ತಿರುಗುತ್ತಿರುತ್ತದೆ. ಮೊದಲನೆಯದು ಪ್ಲಗ್ಗನ್ನು ಕಾಯಿಸುತ್ತದೆ, ಎರಡನೆಯದು ಮಸಿ ಹಿಡಿಸುತ್ತದೆ. ಒಂದೇ ಪ್ಲಗ್ ಈ ಎರಡನ್ನೂ ತಾಳಿಕೊಳ್ಳಬೇಕು. ಇದರ ಮೇಲೆ ತೇವ ಮತ್ತು ಉಪ್ಪಿನ ಗಾಳಿ ಸದಾ ಇದ್ದೇ ಇರುತ್ತದೆ.

ಪ್ಲಗ್ ಹಾಳಾಗುತ್ತಿದೆ ಎಂದು ದೋಣಿ ಓಡಿಸುವವರಿಗೆ ಹೇಗೆ ತಿಳಿಯುತ್ತದೆ?

ಸಾಮಾನ್ಯವಾಗಿ ಮೊದಲ ಸೂಚನೆ ಸಿಗುವುದು ಬೆಳಗಿನ ಸ್ಟಾರ್ಟಿಂಗ್‌ನಲ್ಲಿ. ತಣ್ಣಗಿರುವ ಎಂಜಿನ್‌ಗೆ ಹಗ್ಗ ಎಳೆಯುವ ಸಲಗಳು ಹೆಚ್ಚುತ್ತವೆ, ಅಥವಾ ಸ್ಟಾರ್ಟರ್ ಮೋಟರ್ ಹೆಚ್ಚು ಹೊತ್ತು ತಿರುಗಬೇಕಾಗುತ್ತದೆ. ನಂತರ ಐಡ್ಲಿಂಗ್ ಸಮವಾಗಿ ನಿಲ್ಲದೆ ಎಂಜಿನ್ ನಡುಗುತ್ತದೆ, ಗೇರಿಗೆ ಹಾಕಿದಾಗ ನಿಂತುಹೋಗುತ್ತದೆ. ಥ್ರಾಟಲ್ ಕೊಟ್ಟಾಗ ಒಂದು ಕ್ಷಣ ತಡವರಿಸಿ ಆಮೇಲೆ ಏರುತ್ತದೆ. ಕೊನೆಗೆ ಪೂರ್ತಿ ಥ್ರಾಟಲ್‌ನಲ್ಲಿ ಮಿಸ್ಸಿಂಗ್ (ನಡುನಡುವೆ ಕಿಡಿ ತಪ್ಪುವುದು) ಶುರುವಾಗಿ, ಮೊದಲು ತಲಪುತ್ತಿದ್ದ ಸುತ್ತಿನ ಸಂಖ್ಯೆಯನ್ನು ಎಂಜಿನ್ ತಲಪುವುದೇ ಇಲ್ಲ.

ಒಂದೇ ಸಿಲಿಂಡರ್ ಪೂರ್ತಿ ನಿಂತರೂ ಪರಿಣಾಮ ಲೆಕ್ಕಕ್ಕಿಂತ ದೊಡ್ಡದಾಗಿರುತ್ತದೆ. ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಉರಿಯದಿದ್ದರೆ ಮೂರನೆಯ ಒಂದು ಪಾಲು ಶಕ್ತಿ ಹೋಯಿತು ಎಂದಷ್ಟೇ ಎಣಿಸುವಂತಿಲ್ಲ. ಉರಿಯದ ಸಿಲಿಂಡರಿನ ಪಿಸ್ಟನ್ನನ್ನು ಉಳಿದ ಎರಡು ಎಳೆದಾಡಬೇಕಾಗುವುದರಿಂದ ನಷ್ಟ ಅದಕ್ಕಿಂತ ಹೆಚ್ಚು. ಮೂತಿ ಎತ್ತಿಕೊಂಡು ನೀರಿನ ಮೇಲ್ಮೈಗೆ ಏರಿ ಜಾರುವ ದೋಣಿಗೆ ಆ ಏರುವ ಘಟ್ಟವನ್ನು ದಾಟಲಾಗದೆ, ಅದು ಹಿಂಬದಿಯನ್ನು ನೀರಿಗೆ ಊರಿಕೊಂಡು ಇಂಧನ ಕುಡಿಯುತ್ತಾ ತೆವಳುತ್ತದೆ. ಎಂಜಿನ್ನಿನ ಸುತ್ತು ತೋರಿಸುವ ಟ್ಯಾಕೋಮೀಟರ್ ಇರುವವರು, ದೋಣಿ ಮತ್ತು ಎಂಜಿನ್ ಸುಸ್ಥಿತಿಯಲ್ಲಿರುವಾಗ ಎಂದಿನ ಹೊರೆಯೊಂದಿಗೆ ಪೂರ್ತಿ ಥ್ರಾಟಲ್‌ನಲ್ಲಿ ಎಷ್ಟು ಸುತ್ತು ಬರುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ. ಮುಂದೆ ಏನೇ ಸಂಶಯ ಬಂದರೂ ಹೋಲಿಸಿ ನೋಡಲು ಆ ಒಂದು ಸಂಖ್ಯೆ ಬಹಳ ನೆರವಾಗುತ್ತದೆ.

ಬಿಚ್ಚಿದ ಪ್ಲಗ್ಗಿನ ಬಣ್ಣದಿಂದ ಏನೇನು ತಿಳಿಯಬಹುದು?

ಬಹಳಷ್ಟು ತಿಳಿಯಬಹುದು, ಆದರೆ ಒಂದು ಷರತ್ತಿದೆ: ಯಾವ ಪ್ಲಗ್ ಯಾವ ಸಿಲಿಂಡರಿನದು ಎಂಬುದು ಗೊತ್ತಿರಬೇಕು. ಬಿಚ್ಚಿದ ಕ್ರಮದಲ್ಲಿಯೇ ಅವನ್ನು ಸಾಲಾಗಿ ಇಡಿ. ಎಲ್ಲ ಪ್ಲಗ್‌ಗಳೂ ಒಂದೇ ರೀತಿ ಕಂಡರೆ ಕಾರಣ ಇಡೀ ಎಂಜಿನ್ನಿಗೆ ಸಂಬಂಧಿಸಿದ್ದು: ಇಂಧನ, ಎಣ್ಣೆಯ ಪ್ರಮಾಣ, ತಪ್ಪು ಮಾದರಿಯ ಪ್ಲಗ್, ಓಡಿಸುವ ರೀತಿ. ಒಂದು ಮಾತ್ರ ಬೇರೆಯಾಗಿ ಕಂಡರೆ ದೋಷ ಆ ಸಿಲಿಂಡರಿನಲ್ಲಿಯೇ ಇದೆ.

ಪಿಂಗಾಣಿಯ ತುದಿ ತಿಳಿಕಂದು ಅಥವಾ ಬೂದುಮಿಶ್ರಿತ ಕಂದು ಬಣ್ಣಕ್ಕಿದ್ದರೆ ದಹನ ಸರಿಯಾಗಿದೆ. ಒಣ, ಮೃದುವಾದ ಕಪ್ಪು ಮಸಿ ಮುಚ್ಚಿಕೊಂಡಿದ್ದರೆ ಇಂಧನ ಹೆಚ್ಚಾಗಿದೆ, ಚೋಕ್ (ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಲು ಗಾಳಿಯನ್ನು ತಡೆಯುವ ಬಾಗಿಲು) ಪೂರ್ತಿ ತೆರೆಯುತ್ತಿಲ್ಲ, ಕಿಡಿ ದುರ್ಬಲವಾಗಿದೆ, ಇಲ್ಲವೇ ಎಂಜಿನ್ ಬಹಳ ಹೊತ್ತು ನಿಧಾನಗತಿಯಲ್ಲಿ ಓಡಿದೆ. ಒದ್ದೆಯಾದ, ಹೊಳೆಯುವ ಎಣ್ಣೆಯ ಕಪ್ಪು ಇದ್ದರೆ ಎಣ್ಣೆ ಉರಿಯದೆ ಉಳಿಯುತ್ತಿದೆ. ಟೂ ಸ್ಟ್ರೋಕ್‌ನಲ್ಲಿ ಎಣ್ಣೆಯ ಪಾಲು ಹೆಚ್ಚಾಗಿರಬಹುದು, ಫೋರ್ ಸ್ಟ್ರೋಕ್‌ನಲ್ಲಿ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಪೆಟ್ರೋಲಿನ ವಾಸನೆಯೊಂದಿಗೆ ಬರಿದೇ ಒದ್ದೆಯಾಗಿದ್ದರೆ ಆ ಸಿಲಿಂಡರ್ ಉರಿಯುತ್ತಲೇ ಇಲ್ಲ.

ಸುಣ್ಣದಂತೆ ಬಿಳಿಚಿಕೊಂಡ ಪಿಂಗಾಣಿ, ಅದರ ಮೇಲೆ ಬೊಬ್ಬೆಗಳು, ಕರಗಿ ಗುಂಡಗಾದ ಇಲೆಕ್ಟ್ರೋಡ್ ಇವು ಕಂಡರೆ ಆ ಎಂಜಿನ್ನನ್ನು ಮತ್ತೆ ಸ್ಟಾರ್ಟ್ ಮಾಡಬಾರದು. ಇಂಧನ ಸಾಕಷ್ಟು ಸಿಗದೆ ದಹನ ಬಿಸಿಯಾಗಿದೆ, ಅಥವಾ ತಂಪು ಮಾಡುವ ನೀರು ಹರಿಯುತ್ತಿಲ್ಲ. ಪೆಟ್ರೋಲಿನೊಂದಿಗೇ ಎಣ್ಣೆ ಬರುವ ಟೂ ಸ್ಟ್ರೋಕ್‌ನಲ್ಲಿ ಇಂಧನ ಕಡಿಮೆಯಾಯಿತೆಂದರೆ ನಯಗೊಳಿಸುವ ಎಣ್ಣೆಯೂ ಕಡಿಮೆಯಾಯಿತು ಎಂದರ್ಥ. ಇಂಧನವನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರಿನ ಜೆಟ್ (ಇಂಧನದ ಸಣ್ಣ ರಂಧ್ರ) ಒಂದು ಕಟ್ಟಿಕೊಂಡರೂ ಸಾಕು, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಇನ್ನೂ ಗಂಭೀರವಾದ ಗುರುತು ಒಂದಿದೆ. ಪಿಂಗಾಣಿಯ ಮೇಲೆ ಬೆಳ್ಳಗೆ ಮಿನುಗುವ ಲೋಹದ ಸಣ್ಣ ಚುಕ್ಕೆಗಳು ಕಂಡರೆ ಅದು ಕರಗಿದ ಅಲ್ಯುಮಿನಿಯಂ, ಅಂದರೆ ನಿಮ್ಮ ಪಿಸ್ಟನ್ನಿನದೇ ಭಾಗ. ಭೂತಗನ್ನಡಿ ಹಿಡಿದು ನೋಡಿದರೆ ಮಾತ್ರ ಇವು ಸ್ಪಷ್ಟವಾಗಿ ಕಾಣುತ್ತವೆ. ಹೊಸ ಪ್ಲಗ್ ಹಾಕಿದರೆ ಎಂಜಿನ್ ಮತ್ತೆ ಚೆನ್ನಾಗಿಯೇ ಓಡಬಹುದು, ಅಪಾಯವಿರುವುದೂ ಅದರಲ್ಲಿಯೇ, ಏಕೆಂದರೆ ಕೆಲವೇ ಹೊತ್ತಿನಲ್ಲಿ ಪಿಸ್ಟನ್ ತೂತಾಗಬಹುದು.

ಉಳಿದ ಪ್ಲಗ್‌ಗಳೆಲ್ಲ ಕಂದಾಗಿದ್ದು ಒಂದು ಮಾತ್ರ ತೊಳೆದಿಟ್ಟಂತೆ ಶುಭ್ರವಾಗಿದ್ದರೆ ಸಂತೋಷಪಡಬೇಡಿ. ಆ ಸಿಲಿಂಡರಿಗೆ ನೀರು ಇಳಿಯುತ್ತಿದೆ, ಅದು ಹಬೆಯಾಗಿ ಮಸಿಯನ್ನು ತೊಳೆಯುತ್ತಿದೆ. ಸಿಲಿಂಡರಿಗೂ ಅದರ ಮುಚ್ಚಳವಾದ ಹೆಡ್‌ಗೂ ನಡುವಿನ ಹೆಡ್ ಗ್ಯಾಸ್ಕೆಟ್ ಸೋರುತ್ತಿರುವುದು ಇದರ ಸಾಮಾನ್ಯ ಕಾರಣ. ಇಲೆಕ್ಟ್ರೋಡಿನ ಮೇಲೆ ತುಕ್ಕು ಕಾಣಿಸಿದರೂ ಇದೇ ದಿಕ್ಕಿನಲ್ಲಿ ಯೋಚಿಸಬೇಕು.

ಬಣ್ಣವನ್ನು ಯಾವಾಗ ನೋಡಿದರೆ ಅದು ನಂಬಲರ್ಹ?

ದಡಕ್ಕೆ ಬರುವಾಗ ನಿಧಾನವಾಗಿ ಓಡಿಸಿಕೊಂಡು ಬಂದು, ಕಟ್ಟುವ ಜಾಗದಲ್ಲಿ ಐದು ನಿಮಿಷ ಐಡ್ಲಿಂಗ್‌ನಲ್ಲಿ ನಿಲ್ಲಿಸಿ, ಆಮೇಲೆ ಪ್ಲಗ್ ಬಿಚ್ಚಿದರೆ ಕಾಣುವುದು ಆ ಕೊನೆಯ ನಿಮಿಷಗಳ ಬಣ್ಣ ಮಾತ್ರ. ಪೂರ್ತಿ ವೇಗದಲ್ಲಿ ದಹನ ಹೇಗಿದೆ ಎಂದು ತಿಳಿಯಬೇಕಾದರೆ ಕೆಲವು ನಿಮಿಷ ಆ ವೇಗದಲ್ಲಿ ಓಡಿಸಿ, ಅಲ್ಲಿಂದಲೇ ಎಂಜಿನ್ ಆಫ್ ಮಾಡಿ ನೋಡಬೇಕು ಎಂಬುದು ಹಳೆಯ ಕ್ರಮ. ಸಣ್ಣ ದೋಣಿಗಳಲ್ಲಿ ಇದನ್ನು ನಾನು ಸಲಹೆ ಮಾಡುವುದಿಲ್ಲ: ದೋಣಿ ಥಟ್ಟನೆ ನಿಂತಾಗ ಅದೇ ಎಬ್ಬಿಸಿದ ಅಲೆ ಹಿಂದಿನಿಂದ ಬಂದು ಒಳಗೆ ನುಗ್ಗಬಹುದು. ಎಂದಿನಂತೆ ಓಡಿಸಿ, ವೇಗವನ್ನು ಕ್ರಮವಾಗಿ ಆದರೆ ತಡಮಾಡದೆ ಇಳಿಸಿ, ಐಡ್ಲಿಂಗ್‌ಗೆ ಬಿಡದೆ ನಿಲ್ಲಿಸಿದರೂ ಸಾಕಷ್ಟು ತಿಳಿಯುತ್ತದೆ. ಈಗಿನ ಸೀಸರಹಿತ ಪೆಟ್ರೋಲಿನಲ್ಲಿ ಬಣ್ಣ ನಿಧಾನವಾಗಿ ಏರುವುದರಿಂದ ಹೊಚ್ಚಹೊಸ ಪ್ಲಗ್ಗಿನ ಬಿಳಿ ಪಿಂಗಾಣಿಯನ್ನು ನೋಡಿ ಇಂಧನ ಕಡಿಮೆಯೆಂದು ತೀರ್ಮಾನಿಸಬಾರದು.

ಟೂ ಸ್ಟ್ರೋಕ್ ಎಂಜಿನ್‌ಗಳಲ್ಲಿ ಪ್ಲಗ್ ಪದೇ ಪದೇ ಶಾರ್ಟ್ ಆಗುವುದೇಕೆ?

ಟೂ ಸ್ಟ್ರೋಕ್ ಎಂಜಿನ್ ಎಣ್ಣೆಯನ್ನು ಸುಡುವಂತೆಯೇ ನಿರ್ಮಿತವಾದದ್ದು. ಅನೇಕ ಮಾದರಿಗಳಲ್ಲಿ 50 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ, ಕೆಲವದರಲ್ಲಿ 100ಕ್ಕೆ 1. ಹೊಸ ಎಂಜಿನ್ ಪಳಗುವವರೆಗೆ ಇದಕ್ಕಿಂತ ಹೆಚ್ಚು ಎಣ್ಣೆ ಹಾಕಬೇಕಾಗುತ್ತದೆ. ಕಣ್ಣಳತೆಯಲ್ಲಿ ಎಣ್ಣೆ ಸುರಿಯುವುದು, ‘ಸ್ವಲ್ಪ ಹೆಚ್ಚಿದ್ದರೆ ಒಳ್ಳೆಯದೇ’ ಎಂದುಕೊಳ್ಳುವುದು, ದೋಣಿ ಎಂಜಿನ್ನಿಗೆ ಮೀಸಲಾದ ಟಿಸಿ-ಡಬ್ಲ್ಯೂ3 ದರ್ಜೆಯ ಎಣ್ಣೆಯ ಬದಲು ಬೇರೆ ಯಾವುದನ್ನಾದರೂ ಬಳಸುವುದು, ಇವುಗಳ ಫಲ ಪ್ಲಗ್ಗಿನ ಮೇಲೆ ಕಾಣಿಸಿಕೊಳ್ಳುತ್ತದೆ. ಹಾಗೆಂದು ಪ್ಲಗ್ ಶುಭ್ರವಾಗಿರಲೆಂದು ಎಣ್ಣೆಯನ್ನು ನಿಗದಿತ ಪ್ರಮಾಣಕ್ಕಿಂತ ಇಳಿಸುವವರಿದ್ದಾರೆ. ಅದು ಪ್ಲಗ್ಗನ್ನು ಉಳಿಸಲು ಹೋಗಿ ಎಂಜಿನ್ನನ್ನೇ ಕಳೆದುಕೊಳ್ಳುವ ದಾರಿ.

ಬಹಳ ಹೊತ್ತು ನಿಧಾನವಾಗಿ ಓಡಿಸಲೇಬೇಕಾದ ಕೆಲಸವಿದ್ದರೆ ಆಗಾಗ ಒಂದೆರಡು ನಿಮಿಷ ವೇಗ ಕೊಟ್ಟು ಪ್ಲಗ್ಗಿನ ತುದಿಯನ್ನು ಕಾಯಿಸುವುದು ಒಳ್ಳೆಯದು. ತುದಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ಬಿಸಿಯಾದಾಗ ಅದರ ಮೇಲಿನ ಮಸಿ ತಾನಾಗಿ ಸುಟ್ಟುಹೋಗುತ್ತದೆ.

ಸೀಮೆಎಣ್ಣೆಯಿಂದ ಓಡುವ ಮಾದರಿಗಳಲ್ಲಿ ತೊಂದರೆ ಇನ್ನೂ ಹೆಚ್ಚು. ಸೀಮೆಎಣ್ಣೆ ಪೆಟ್ರೋಲಿನಷ್ಟು ಸುಲಭವಾಗಿ ಆವಿಯಾಗುವುದಿಲ್ಲ, ತಣ್ಣಗಿರುವ ಸಿಲಿಂಡರಿನಲ್ಲಿ ಹನಿಯಾಗಿಯೇ ಉಳಿದು ಮಸಿ ಕಟ್ಟುತ್ತದೆ. ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆಯೇ ಸೀಮೆಎಣ್ಣೆಗೆ ಬದಲಿಸಿ, ನಿಲ್ಲಿಸುವ ಮುನ್ನ ಮತ್ತೆ ಪೆಟ್ರೋಲಿಗೆ ಮರಳಬೇಕೆಂಬ ನಿಯಮ ಪ್ಲಗ್ಗಿನ ಹಿತಕ್ಕೂ ಬೇಕಾದದ್ದೇ.

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪ್ಲಗ್ ಅಷ್ಟು ಬೇಗ ಕೆಡುವುದಿಲ್ಲವಲ್ಲ, ಚಿಂತೆ ಬೇಕೇ?

ಬೇಕು, ಆದರೆ ಬೇರೆ ಕಾರಣಕ್ಕೆ. ಇಲ್ಲಿ ಪ್ಲಗ್ ಕಪ್ಪಾಗುವುದಕ್ಕಿಂತ ನಿಧಾನವಾಗಿ ಸವೆಯುವುದೇ ಹೆಚ್ಚು, ಆದ್ದರಿಂದ ನಷ್ಟ ಗಮನಕ್ಕೆ ಬಾರದಂತೆ ಬೆಳೆಯುತ್ತದೆ. ಕಿಡಿ ತಪ್ಪಿದಾಗ ಉರಿಯದೆ ಉಳಿದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದುಕೊಂಡು ಕೆಳಗಿಳಿದು ಎಂಜಿನ್ ಆಯಿಲ್‌ನೊಂದಿಗೆ ಬೆರೆಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದು, ಪೆಟ್ರೋಲಿನ ವಾಸನೆಯೂ ಇದ್ದರೆ ಪ್ಲಗ್‌ಗಳನ್ನೂ, ಎಂಜಿನ್ನಿನ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಅನ್ನೂ ಪರೀಕ್ಷಿಸಿ, ಆಯಿಲ್ ಬದಲಿಸಬೇಕು.

ಗ್ಯಾಪ್ ಎಷ್ಟಿರಬೇಕು?

ಆಯಾ ಎಂಜಿನ್ನಿನ ಕೈಪಿಡಿಯಲ್ಲಿ ಹೇಳಿದಷ್ಟು. ಹಲವು ಔಟ್‌ಬೋರ್ಡ್‌ಗಳಲ್ಲಿ ಅದು 0.8ರಿಂದ 1.1 ಮಿಲಿಮೀಟರಿನೊಳಗೆ ಇರುತ್ತದೆ. ಗ್ಯಾಪ್ ಚಿಕ್ಕದಾದರೆ ಕಿಡಿಯೂ ಚಿಕ್ಕದಾಗಿ ಐಡ್ಲಿಂಗ್ ಒರಟಾಗುತ್ತದೆ. ದೊಡ್ಡದಾದರೆ ಹೆಚ್ಚಿನ ಹೊರೆಯಲ್ಲಿ ಕಿಡಿ ತಪ್ಪುವುದಲ್ಲದೆ, ಹೊರಬರಲು ದಾರಿ ಸಿಗದ ವೋಲ್ಟೇಜ್ ಕಾಯಿಲ್‌ನ ಮತ್ತು ವೈರಿನ ನಿರೋಧಕ ಹೊದಿಕೆಯನ್ನು ಕೊರೆಯತೊಡಗುತ್ತದೆ. ಹೊಸ ಪ್ಲಗ್ ಡಬ್ಬಿಯಿಂದ ಬಂದಿದೆಯೆಂದು ಅಳೆಯದೆ ಹಾಕಬೇಡಿ, ಸಾಗಣೆಯಲ್ಲಿ ಬಿದ್ದು ಇಲೆಕ್ಟ್ರೋಡ್ ಒತ್ತಿಕೊಂಡಿರಬಹುದು. ಹೊರಗಿನ ಇಲೆಕ್ಟ್ರೋಡನ್ನು ಮಾತ್ರ ಬಾಗಿಸಿ ಸರಿಮಾಡಬೇಕು, ನಡುವಿನದನ್ನು ಮೀಟಿದರೆ ಪಿಂಗಾಣಿ ಬಿರುಕು ಬಿಡುತ್ತದೆ.

ಕೆಲವು ಹಳೆಯ ಟೂ ಸ್ಟ್ರೋಕ್ ಔಟ್‌ಬೋರ್ಡ್‌ಗಳಲ್ಲಿ ಬಾಗಿದ ಇಲೆಕ್ಟ್ರೋಡೇ ಇಲ್ಲದ, ತುದಿ ಚಪ್ಪಟೆಯಾಗಿರುವ ಸರ್ಫೇಸ್ ಗ್ಯಾಪ್ ಪ್ಲಗ್‌ಗಳಿರುತ್ತವೆ. ಅವುಗಳಲ್ಲಿ ಹೊಂದಿಸುವಂಥದ್ದು ಏನೂ ಇಲ್ಲ. ಸವೆದರೆ ಬದಲಿಸಬೇಕು, ಅಷ್ಟೆ.

ಪ್ಲಗ್ಗಿನ ಮೇಲಿನ ಅಕ್ಷರ ಮತ್ತು ಸಂಖ್ಯೆಗಳ ಅರ್ಥವೇನು? ಅಳತೆಗೆ ಕೂರುವ ಬೇರೆ ಪ್ಲಗ್ ಹಾಕಬಹುದೇ?

ಕೂರುತ್ತದೆ ಎಂಬ ಒಂದೇ ಕಾರಣಕ್ಕೆ ಹಾಕಬಾರದು. ಸಣ್ಣ ಟೂ ಸ್ಟ್ರೋಕ್‌ಗಳಲ್ಲಿ ಬಳಕೆಯಲ್ಲಿರುವ ಎನ್‌ಜಿಕೆ ಸಂಸ್ಥೆಯ ಬಿಆರ್7ಎಚ್‌ಎಸ್-10 ಎಂಬ ಸಂಕೇತವನ್ನೇ ತೆಗೆದುಕೊಳ್ಳಿ. ‘ಬಿ’ ಎಂದರೆ 14 ಮಿಲಿಮೀಟರ್ ವ್ಯಾಸದ ಥ್ರೆಡ್, ‘ಆರ್’ ಎಂದರೆ ಒಳಗೆ ರೆಸಿಸ್ಟರ್ ಇದೆ, ‘7’ ಶಾಖದ ದರ್ಜೆ, ‘ಎಚ್’ ಎಂದರೆ ಥ್ರೆಡ್ಡಿನ ಉದ್ದ 12.7 ಮಿಲಿಮೀಟರ್, ಕೊನೆಯ ‘10’ ಎಂದರೆ ಗ್ಯಾಪ್ 1.0 ಮಿಲಿಮೀಟರ್. ‘ಎಚ್’ ಇರುವಲ್ಲಿ ‘ಇ’ ಇದ್ದರೆ ಥ್ರೆಡ್ 19 ಮಿಲಿಮೀಟರ್ ಉದ್ದವಾಗುತ್ತದೆ. ಅಂಥದನ್ನು ಚಿಕ್ಕ ಥ್ರೆಡ್ಡಿನ ಹೆಡ್‌ಗೆ ಹಾಕಿದರೆ ಪಿಸ್ಟನ್ ಬಂದು ಪ್ಲಗ್ಗಿಗೆ ಬಡಿಯಬಹುದು.

ಶಾಖದ ದರ್ಜೆಯ ವಿಷಯದಲ್ಲಿ ಗೊಂದಲ ಹೆಚ್ಚು. ಪಿಂಗಾಣಿಯ ತುದಿಯಿಂದ ಶಾಖ ಎಷ್ಟು ಬೇಗ ಹೆಡ್‌ಗೆ ಹರಿದುಹೋಗುತ್ತದೆ ಎಂಬುದನ್ನು ಅದು ಸೂಚಿಸುತ್ತದೆ: ಬೇಗ ಹರಿದರೆ ‘ತಂಪು’ ಪ್ಲಗ್, ನಿಧಾನವಾಗಿ ಹರಿದರೆ ‘ಬಿಸಿ’ ಪ್ಲಗ್. ತುದಿ ಸುಮಾರು 500 ಡಿಗ್ರಿಗಿಂತ ತಣ್ಣಗೆ ಉಳಿದರೆ ಮಸಿ ಕೂರುತ್ತದೆ, ಸುಮಾರು 850 ಡಿಗ್ರಿ ಮೀರಿ ಏರುತ್ತಾ ಹೋದರೆ ಕಾದ ತುದಿಯೇ ಕಿಡಿಗಿಂತ ಮೊದಲು ಮಿಶ್ರಣವನ್ನು ಹೊತ್ತಿಸತೊಡಗುತ್ತದೆ. ಐಡ್ಲಿಂಗ್‌ನಲ್ಲಿ ಪ್ಲಗ್ ಕಪ್ಪಾಗುತ್ತದೆಯೆಂದು ‘ಬಿಸಿ’ ದರ್ಜೆಯ ಪ್ಲಗ್ ಹಾಕಿ, ಆಮೇಲೆ ಅದರಲ್ಲಿಯೇ ಪೂರ್ತಿ ಥ್ರಾಟಲ್‌ನಲ್ಲಿ ದೂರ ಓಡಿದರೆ ಪಿಸ್ಟನ್ನಿಗೆ ಅಪಾಯ. ಗಮನಿಸಬೇಕಾದ ಇನ್ನೊಂದು ಅಂಶವೆಂದರೆ ಎನ್‌ಜಿಕೆ ಮತ್ತು ಡೆನ್ಸೊ ಸಂಕೇತಗಳಲ್ಲಿ ಸಂಖ್ಯೆ ದೊಡ್ಡದಾದಷ್ಟು ಪ್ಲಗ್ ‘ತಂಪು’, ಚಾಂಪಿಯನ್ ಮತ್ತು ಬಾಷ್ ಸಂಕೇತಗಳಲ್ಲಿ ಸಂಖ್ಯೆ ದೊಡ್ಡದಾದಷ್ಟು ‘ಬಿಸಿ’. ಒಂದು ಸಂಸ್ಥೆಯ ಸಂಖ್ಯೆಯನ್ನು ಇನ್ನೊಂದರ ಜೊತೆ ನೇರವಾಗಿ ಹೋಲಿಸಿದವರು ತದ್ವಿರುದ್ಧ ಪ್ಲಗ್ ಕೊಂಡುಕೊಳ್ಳುತ್ತಾರೆ.

ರೆಸಿಸ್ಟರ್ ಇಲ್ಲದ ಪ್ಲಗ್ ಹಾಕಿದರೆ ಕಿಡಿ ಬಲವಾಗುತ್ತದೆಯೇ?

ಓಟದಲ್ಲಿ ವ್ಯತ್ಯಾಸ ತಿಳಿಯುವಷ್ಟು ಲಾಭವಿಲ್ಲ. ಒಳಗಿರುವ ಸುಮಾರು 5,000 ಓಮ್‌ನ ರೆಸಿಸ್ಟರ್, ಕಿಡಿಯಿಂದ ಹೊರಡುವ ರೇಡಿಯೋ ಅಲೆಗಳನ್ನು ಅಡಗಿಸುತ್ತದೆ. ಅದಿಲ್ಲದಿದ್ದರೆ ವಿಎಚ್‌ಎಫ್ ರೇಡಿಯೋದಲ್ಲಿ ಗರಗರ ಸದ್ದು, ಮೀನು ಹುಡುಕುವ ಸೋನಾರ್ ಪರದೆಯಲ್ಲಿ ಸುಳ್ಳು ಗೆರೆ, ಎಂಜಿನ್ನಿನ ಇಲೆಕ್ಟ್ರಾನಿಕ್ ನಿಯಂತ್ರಕದಲ್ಲಿ ತಪ್ಪು ಸಂಕೇತ ಬರಬಹುದು. ಆಪತ್ತಿನಲ್ಲಿ ನೆರವು ಕೇಳುವುದು ಆ ರೇಡಿಯೋದಿಂದಲೇ ಆದ್ದರಿಂದ ಕೈಪಿಡಿ ರೆಸಿಸ್ಟರ್ ಪ್ಲಗ್ ಕೇಳಿದ್ದರೆ ಅದನ್ನೇ ಹಾಕಿ.

ಇರಿಡಿಯಂ ಪ್ಲಗ್‌ಗಳಿಗೆ ಹೆಚ್ಚು ಹಣ ಕೊಡುವುದು ಸಾರ್ಥಕವೇ?

ಎಂಜಿನ್ ಅದಕ್ಕಾಗಿಯೇ ರೂಪುಗೊಂಡಿದ್ದರೆ ಬೇರೆ ಆಯ್ಕೆಯೇ ಇಲ್ಲ. ಇರಿಡಿಯಂ 2,400 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕರಗುವ ಲೋಹವಾದ್ದರಿಂದ ನಡುವಿನ ಇಲೆಕ್ಟ್ರೋಡನ್ನು ಬಹಳ ಸಪೂರವಾಗಿ ಮಾಡಬಹುದು. ಸಪೂರ ತುದಿಯಿಂದ ಕಿಡಿ ಹಾರಲು ಕಡಿಮೆ ವೋಲ್ಟೇಜ್ ಸಾಕು, ಸವೆತವೂ ನಿಧಾನ. ಹಳೆಯ ಕಾರ್ಬ್ಯುರೇಟರ್ ಟೂ ಸ್ಟ್ರೋಕ್‌ನಲ್ಲಿ ಪ್ಲಗ್ ಆಯುಷ್ಯ ಮುಗಿಸುವುದು ಸವೆತವಲ್ಲ, ಮಸಿ. ಅಲ್ಲಿ ಸಾಮಾನ್ಯ ನಿಕ್ಕಲ್ ಪ್ಲಗ್ಗನ್ನೇ ಸಕಾಲದಲ್ಲಿ ಬದಲಿಸುವುದು ಜಾಣತನ ಎಂಬುದು ನನ್ನ ಅಭಿಪ್ರಾಯ.

ನೇರ ಇಂಜೆಕ್ಷನ್ ಇರುವ, ಅಂದರೆ ಇಂಧನವನ್ನು ಸಿಲಿಂಡರಿನೊಳಕ್ಕೇ ಚಿಮ್ಮಿಸುವ, ಎವಿನ್‌ರೂಡ್ ಇ-ಟೆಕ್‌ನಂಥ ಟೂ ಸ್ಟ್ರೋಕ್‌ಗಳಲ್ಲಿ ಪ್ಲಗ್ ಬಿಗಿಯಾದ ಮೇಲೆ ಅದರ ಬಾಗಿದ ಇಲೆಕ್ಟ್ರೋಡ್ ಯಾವ ದಿಕ್ಕಿಗೆ ನಿಲ್ಲಬೇಕೆಂಬುದನ್ನೂ ಗೊತ್ತುಪಡಿಸಲಾಗಿದೆ, ಏಕೆಂದರೆ ಚಿಮ್ಮುವ ಇಂಧನದ ಮೋಡ ಕಿಡಿಯನ್ನು ತಲಪಬೇಕು.

ಕಪ್ಪಾದ ಪ್ಲಗ್ಗನ್ನು ಉಜ್ಜಿ ಮತ್ತೆ ಹಾಕಬಹುದೇ?

ನೀರಿನ ನಡುವೆ ಬೇರೆ ದಾರಿಯಿಲ್ಲದಾಗ ಒರಸಿ, ಒಣಗಿಸಿ ಹಾಕಿ ದಡ ಸೇರಬಹುದು. ಅದನ್ನೇ ರೂಢಿ ಮಾಡಿಕೊಳ್ಳಬಾರದು. ತಂತಿಬ್ರಷ್‌ನಿಂದ ಉಜ್ಜಿದಾಗ ಪಿಂಗಾಣಿಯ ಮೇಲೆ ಲೋಹದ ಗೆರೆಗಳು ಉಳಿದು ಅವೇ ವಿದ್ಯುತ್ತಿಗೆ ದಾರಿಯಾಗುತ್ತವೆ. ಮರಳು ಚಿಮ್ಮಿಸುವ ಯಂತ್ರದಲ್ಲಿ ಶುಚಿಗೊಳಿಸಿದರೆ ಪಿಂಗಾಣಿಯ ಸಂದಿಯಲ್ಲಿ ಉಳಿದ ಕಣಗಳು ಸಿಲಿಂಡರಿಗೆ ಬಿದ್ದು ಗೋಡೆಯನ್ನು ಗೀರುತ್ತವೆ.

ಪ್ಲಗ್ ಬಿಚ್ಚುವಾಗ ಮತ್ತು ಹಾಕುವಾಗ ಏನನ್ನು ಗಮನಿಸಬೇಕು?

ಎಂಜಿನ್ ತಣ್ಣಗಾಗುವವರೆಗೆ ಕಾಯಿರಿ. ಬಿಸಿಯಿರುವಾಗ ಅಲ್ಯುಮಿನಿಯಂ ಹೆಡ್ಡಿನ ಥ್ರೆಡ್ ಪ್ಲಗ್ಗಿನೊಂದಿಗೆ ಕಿತ್ತು ಬರಬಹುದು. ಪ್ಲಗ್ಗಿನ ಮೇಲೆ ಕೂರುವ ವೈರಿನ ಕ್ಯಾಪನ್ನು ತಿರುಗಿಸುತ್ತಾ ಎಳೆಯಬೇಕು, ವೈರನ್ನು ಹಿಡಿದು ಜಗ್ಗಬಾರದು. ಪ್ಲಗ್ಗಿನ ಸುತ್ತ ಕೂತಿರುವ ಉಪ್ಪು ಮತ್ತು ಕೊಳೆಯನ್ನು ಊದಿ ತೆಗೆದ ಮೇಲೆಯೇ ಸ್ಪ್ಯಾನರ್ ಹಾಕಿ, ಇಲ್ಲದಿದ್ದರೆ ಅದೆಲ್ಲ ಸಿಲಿಂಡರಿನೊಳಗೆ ಬೀಳುತ್ತದೆ.

ಹಾಕುವಾಗ ಮೊದಲು ಕೊನೆಯವರೆಗೂ ಕೈಯಿಂದಲೇ ತಿರುಗಿಸಬೇಕು. ಅಡ್ಡ ಥ್ರೆಡ್ ಆದರೆ ಕೈಗೆ ತಿಳಿಯುತ್ತದೆ, ಸ್ಪ್ಯಾನರಿಗೆ ತಿಳಿಯುವುದಿಲ್ಲ. ನಂತರ ಬಿಗಿತವನ್ನು ಅಳೆದು ತೋರಿಸುವ ಟಾರ್ಕ್ ರೆಂಚ್‌ನಿಂದ ಕೈಪಿಡಿಯ ಅಳತೆಗೆ ಬಿಗಿಯಬೇಕು. 14 ಮಿಲಿಮೀಟರ್ ಪ್ಲಗ್‌ಗಳಿಗೆ ಅದು ಹೆಚ್ಚಾಗಿ 25 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿರುತ್ತದೆ. ರೆಂಚ್ ಇಲ್ಲದಿದ್ದರೆ, ವಾಶರ್ ಹೊಸದಾಗಿರುವ 14 ಮಿಲಿಮೀಟರ್ ಪ್ಲಗ್ಗನ್ನು ಕೈಬಿಗಿಯಾದ ಮೇಲೆ ಅರ್ಧದಿಂದ ಮೂರನೆಯ ಎರಡು ಸುತ್ತಿನಷ್ಟು, ವಾಶರ್ ಈಗಾಗಲೇ ಚಪ್ಪಟೆಯಾಗಿರುವ ಹಳೆಯ ಪ್ಲಗ್ಗನ್ನು ಹನ್ನೆರಡನೆಯ ಒಂದು ಸುತ್ತಿನಷ್ಟು ಮಾತ್ರ ತಿರುಗಿಸಬೇಕು. ಸಡಿಲ ಬಿಟ್ಟರೂ ತೊಂದರೆಯೇ: ಪ್ಲಗ್ಗಿನ ಶಾಖ ಹೆಡ್‌ಗೆ ಹರಿಯುವುದು ಮುಖ್ಯವಾಗಿ ಥ್ರೆಡ್ ಮತ್ತು ವಾಶರಿನ ಮೂಲಕ, ಆದ್ದರಿಂದ ಸಡಿಲವಾದ ಪ್ಲಗ್ ಮಿತಿಮೀರಿ ಕಾಯುತ್ತದೆ. ಥ್ರೆಡ್ಡಿಗೆ ಗ್ರೀಸ್‌ನಂಥದ್ದನ್ನು ಹಚ್ಚಿದರೆ ಅದೇ ಟಾರ್ಕ್‌ನಲ್ಲಿ ಪ್ಲಗ್ ಅಗತ್ಯಕ್ಕಿಂತ ಹೆಚ್ಚು ಬಿಗಿಯಾಗುತ್ತದೆ. ಈಗಿನ ಪ್ಲಗ್‌ಗಳಿಗೆ ತುಕ್ಕು ತಡೆಯುವ ಲೇಪ ಇದ್ದೇ ಇರುತ್ತದೆ. ಕ್ಯಾಪಿನ ಒಳಅಂಚಿಗೆ ಸ್ವಲ್ಪ ಡೈಎಲೆಕ್ಟ್ರಿಕ್ (ವಿದ್ಯುತ್ತು ಹರಿಸದ) ಗ್ರೀಸ್ ಹಚ್ಚುವುದು ಮಾತ್ರ ಉಪ್ಪುನೀರಿನಲ್ಲಿ ಖಂಡಿತ ಉಪಯುಕ್ತ.

ಕಿಡಿ ಬರುತ್ತಿದೆಯೇ ಎಂದು ಪರೀಕ್ಷಿಸುವುದು ಹೇಗೆ?

ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಕೈಯಲ್ಲಿ ಹಿಡಿದು ಹೆಡ್‌ಗೆ ತಾಗಿಸಿ ನೋಡುವ ಪದ್ಧತಿಯನ್ನು ದಯವಿಟ್ಟು ಬಿಡಿ. ತೆರೆದ ಪ್ಲಗ್ ರಂಧ್ರದಿಂದ ಪೆಟ್ರೋಲಿನ ಆವಿ ಹೊರಬರುತ್ತಿರುತ್ತದೆ, ಕಿಡಿ ಅದರ ಪಕ್ಕದಲ್ಲಿಯೇ ಹಾರುತ್ತಿರುತ್ತದೆ. ಜೊತೆಗೆ ಹೊರಗಿನ ಗಾಳಿಯಲ್ಲಿ ಸುಲಭವಾಗಿ ಹಾರುವ ಕಿಡಿ ಸಿಲಿಂಡರಿನ ಒತ್ತಡದಲ್ಲಿಯೂ ಹಾರುತ್ತದೆಂಬ ಭರವಸೆಯಿಲ್ಲ. ಗ್ಯಾಪ್ ಹೊಂದಿಸಬಹುದಾದ ಸ್ಪಾರ್ಕ್ ಟೆಸ್ಟರನ್ನು ಎಂಜಿನ್ನಿನ ಲೋಹಕ್ಕೆ ಭದ್ರವಾಗಿ ಜೋಡಿಸಿ, ಪ್ಲಗ್ ರಂಧ್ರಗಳಿಂದ ದೂರವಿಟ್ಟು ನೋಡುವುದು ಸರಿಯಾದ ವಿಧಾನ. ಉಳಿದ ವೈರ್‌ಗಳನ್ನು ಅರ್ತ್ ಮಾಡದೆ ಎಂಜಿನ್ ತಿರುಗಿಸಿದರೆ ಸಿಡಿಐ ಘಟಕ (ಕಿಡಿಯನ್ನು ನಿಯಂತ್ರಿಸುವ ಇಲೆಕ್ಟ್ರಾನಿಕ್ ಭಾಗ) ಅಥವಾ ಕಾಯಿಲ್ ಕೆಡಬಹುದು.

ಎಷ್ಟು ಕಾಲಕ್ಕೊಮ್ಮೆ ಬದಲಿಸಬೇಕು?

ಅನೇಕ ಕೈಪಿಡಿಗಳಲ್ಲಿ 100 ಗಂಟೆಯ ಓಟ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಪರಿಶೀಲಿಸಿ ಅಗತ್ಯವಿದ್ದರೆ ಬದಲಿಸಿ ಎಂದಿರುತ್ತದೆ. ಇತ್ತೀಚಿನ ಕೆಲವು ಫೋರ್ ಸ್ಟ್ರೋಕ್‌ಗಳಲ್ಲಿ ಅವಧಿ ಇದಕ್ಕಿಂತ ದೀರ್ಘ. ಓಟ ಕಡಿಮೆಯಿದ್ದರೂ ಉಪ್ಪುನೀರಿನ ದೋಣಿಯಲ್ಲಿ ವರ್ಷಕ್ಕೊಮ್ಮೆಯಾದರೂ ಬಿಚ್ಚಿ ಹಾಕುವುದು ಒಳ್ಳೆಯದು, ಇಲ್ಲದಿದ್ದರೆ ಉಕ್ಕಿನ ಪ್ಲಗ್ ಅಲ್ಯುಮಿನಿಯಂ ಹೆಡ್ಡಿನಲ್ಲಿ ಹಿಡಿದುಕೊಂಡುಬಿಡುತ್ತದೆ. ಎಂಜಿನ್ನನ್ನು ತಿಂಗಳುಗಟ್ಟಲೆ ಎತ್ತಿಡುವಾಗ ಸಿಲಿಂಡರಿಗೆ ರಕ್ಷಕ ಎಣ್ಣೆ ಸಿಂಪಡಿಸುವವರು ಹಳೆಯ ಪ್ಲಗ್‌ಗಳನ್ನೇ ಹಾಕಿಟ್ಟು, ಮತ್ತೆ ಓಡಿಸುವಾಗ ಆ ಎಣ್ಣೆ ಸುಟ್ಟುಹೋದ ಮೇಲೆ ಹೊಸದನ್ನು ಹಾಕಬೇಕು.

ಹೊಸ ಪ್ಲಗ್ ಹಾಕಿದರೂ ತೊಂದರೆ ಮರಳಿ ಬಂದರೆ?

ಹಾಗಾದರೆ ತೊಂದರೆ ಪ್ಲಗ್ಗಿನದಲ್ಲ. ಒಂದೇ ಸಿಲಿಂಡರಿನ ಪ್ಲಗ್ ಮತ್ತೆ ಮತ್ತೆ ಕಪ್ಪಾಗುತ್ತಿದ್ದರೆ ಅದರ ಕಾಯಿಲ್, ವೈರ್, ಕ್ಯಾಪ್, ಕಾರ್ಬ್ಯುರೇಟರಿಗೆ ಬರುವ ಇಂಧನವನ್ನು ತಡೆದು ಬಿಡುವ ಫ್ಲೋಟ್ ವಾಲ್ವ್ ಇವನ್ನು ನೋಡಿ. ಸಾಧ್ಯವಿರುವಲ್ಲಿ ಪಕ್ಕದ ಸಿಲಿಂಡರಿನ ಕಾಯಿಲನ್ನು ಅದಲುಬದಲು ಮಾಡಿ. ದೋಷ ಕಾಯಿಲಿನೊಂದಿಗೆ ಪಕ್ಕಕ್ಕೆ ಹೋದರೆ ಕಾರಣ ಸಿಕ್ಕಂತೆಯೇ. ಹೋಗದಿದ್ದರೆ ಕಂಪ್ರೆಷನ್ (ಪಿಸ್ಟನ್ ಏರಿದಾಗ ಸಿಲಿಂಡರಿನಲ್ಲಿ ಉಂಟಾಗುವ ಒತ್ತಡ) ಅಳೆಯಬೇಕು, ಸಿಲಿಂಡರ್‌ಗಳ ನಡುವೆ ದೊಡ್ಡ ವ್ಯತ್ಯಾಸ ಕಂಡರೆ ರಿಂಗ್, ವಾಲ್ವ್ ಅಥವಾ ಗ್ಯಾಸ್ಕೆಟ್ ಕಡೆ ಗಮನ ಹರಿಸಬೇಕು.

ಪ್ಲಗ್‌ಗಳೆಲ್ಲ ಚೆನ್ನಾಗಿದ್ದೂ ದೋಣಿ ಎಳೆಯದಿದ್ದರೆ ಬೇರೆ ಕಡೆ ಹುಡುಕಬೇಕು. ಎಂಜಿನ್ನಿನ ಸುತ್ತು ಏರುತ್ತದೆ, ವೇಗ ಏರುವುದಿಲ್ಲ ಎಂದಾದರೆ ಪ್ರೊಪೆಲರಿನ ಒಳಗಿನ ರಬ್ಬರ್ ಹಬ್ ಜಾರುತ್ತಿರಬಹುದು. ಪೂರ್ತಿ ಥ್ರಾಟಲ್‌ನಲ್ಲಿ ಸೊರಗುವ ಎಂಜಿನ್, ಇಂಧನ ಪೈಪಿನ ರಬ್ಬರ್ ಬಲ್ಬನ್ನು ಹಿಚುಕಿದಾಗ ಚೇತರಿಸಿಕೊಂಡರೆ ಇಂಧನದ ಪಂಪು ಅಥವಾ ಪೈಪಿನಲ್ಲಿ ದೋಷವಿದೆ. ಬೀಪ್ ಸದ್ದಿನೊಂದಿಗೆ ಸುತ್ತು ಒಂದು ಮಟ್ಟಕ್ಕೆ ಇಳಿದು ಅಲ್ಲಿಯೇ ನಿಂತರೆ, ಎಂಜಿನ್ ಬಿಸಿಯಾಗಿಯೋ ಆಯಿಲ್ ಒತ್ತಡ ಇಳಿದೋ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ.

ನೀರಿನ ಮೇಲೆ ಪ್ಲಗ್ ಒದ್ದೆಯಾಗಿ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಏನು ಮಾಡಬೇಕು?

ಮೊದಲು ಲಂಗರು ಹಾಕಿ, ದೋಣಿ ಬಂಡೆಯ ಕಡೆಗೋ ಅಲೆ ಒಡೆಯುವ ಕಡೆಗೋ ತೇಲಿಹೋಗದಂತೆ ನೋಡಿಕೊಳ್ಳಿ. ಆಮೇಲೆ ಚೋಕ್ ಆಫ್ ಇದೆಯೇ ಎಂದು ನೋಡಿ, ಇಂಧನ ಪೈಪನ್ನು ಕಳಚಿ, ಎಂಜಿನ್ನನ್ನು ತಕ್ಷಣ ನಿಲ್ಲಿಸುವ ಕಿಲ್ ಸ್ವಿಚ್ಚಿನ ಹಗ್ಗವನ್ನು ಕಿತ್ತು, ಪ್ಲಗ್‌ಗಳನ್ನು ಬಿಚ್ಚಿ. ವೈರ್‌ಗಳನ್ನು ರಂಧ್ರಗಳಿಂದ ದೂರ ಅರ್ತ್ ಮಾಡಿ ಎಂಜಿನ್ನನ್ನು ಕೆಲವು ಸಲ ತಿರುಗಿಸಿದರೆ ಒಳಗೆ ತುಂಬಿದ ಪೆಟ್ರೋಲು ಹೊರಗೆ ಚಿಮ್ಮುತ್ತದೆ. ಅದನ್ನು ಬಟ್ಟೆಯಿಂದ ಒರಸಿ, ಆವಿ ಗಾಳಿಗೆ ಹೋಗುವಷ್ಟು ಹೊತ್ತು ಕಾಯಿರಿ. ನಂತರ ಒಣ ಪ್ಲಗ್‌ಗಳನ್ನು ಹಾಕಿ, ಪೈಪು ಮತ್ತು ಕಿಲ್ ಸ್ವಿಚ್ ಜೋಡಿಸಿ, ಚೋಕ್ ಇಲ್ಲದೆ ಸ್ಟಾರ್ಟ್ ಮಾಡಿ.

ಇದಕ್ಕೆಲ್ಲ ದೋಣಿಯಲ್ಲಿ ಗ್ಯಾಪ್ ಹೊಂದಿಸಿದ ಒಂದು ಪೂರ್ತಿ ಜೊತೆ ಪ್ಲಗ್, ಅದಕ್ಕೆ ಕೂರುವ ಪ್ಲಗ್ ಸ್ಪ್ಯಾನರ್, ಒಣ ಬಟ್ಟೆ ಇರಬೇಕು. ಪ್ಲಗ್‌ಗಳನ್ನು ಬಿಡಿಯಾಗಿ ಉಪಕರಣದ ಪೆಟ್ಟಿಗೆಗೆ ಹಾಕಿದರೆ ಪಿಂಗಾಣಿ ಬಿರುಕು ಬಿಡುತ್ತದೆ, ಥ್ರೆಡ್ ತುಕ್ಕು ಹಿಡಿಯುತ್ತದೆ. ಅವನ್ನು ತಂದ ಡಬ್ಬಿಯಲ್ಲಿಯೇ ಬಿಟ್ಟು, ನೀರು ಹೋಗದ ಮುಚ್ಚಳದ ಪಾತ್ರೆಯಲ್ಲಿಡಿ. ಆ ಸ್ಪ್ಯಾನರ್ ನಿಮ್ಮ ಎಂಜಿನ್ನಿನ ಪ್ಲಗ್ಗಿಗೆ ನಿಜವಾಗಿಯೂ ಕೂರುತ್ತದೆಯೇ, ಕವಚದ ಒಳಗೆ ತಿರುಗಿಸಲು ಅದಕ್ಕೆ ಜಾಗ ಸಿಗುತ್ತದೆಯೇ ಎಂಬುದನ್ನು ದಡದಲ್ಲಿರುವಾಗಲೇ ಒಮ್ಮೆ ಬಿಚ್ಚಿ ನೋಡಿಕೊಳ್ಳಿ.